ಅತ್ತೆಯ ಜೊತೆ ರುವನ್ವೆಲಿ ಸ್ತೂಪಕ್ಕೆ

ನನ್ನ ಅತ್ತೆ ಹುಟ್ಟಿದ್ದು ಶ್ರೀಲಂಕಾದ ಒಂದು ಟೀ ಎಸ್ಟೇಟಿನಲ್ಲಿ. ಹನ್ನೆರಡು ವರ್ಷದವರಿದ್ದಾಗ, ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಅವರ ಮನೆಯವರನ್ನೆಲ್ಲ ಭಾರತಕ್ಕೆ ಕಳಿಸಿದರು. ಹಾಗೆ ಬಂದ ಎಷ್ಟೋ ತಮಿಳು ಕುಟುಂಬಗಳಂತೆ ಅವರೂ ನೀಲಗಿರಿಯ ದೇವಾಲಕ್ಕೆ ಬಂದು ಎಸ್ಟೇಟ್ ಲೈನಿನ ಸಾಲುಮನೆಯೊಂದರಲ್ಲಿ ನೆಲೆ ನಿಂತರು. ಮುಂದೆ ಗುಂಡ್ಲುಪೇಟೆಯಿಂದ ತರಕಾರಿ ತಂದು ಮಾರುತ್ತಿದ್ದ ನಮ್ಮ ಮಾವನನ್ನು ಮದುವೆಯಾಗಿ ಕನ್ನಡ ಕಲಿತರು. ನಾನೂ ಗುಂಡ್ಲುಪೇಟೆ ಕಡೆಯವಳೇ. ಸೊಸೆಯಾಗಿ ಬಂದ ಮೊದಲ ದಿನ ಅವರ ಬಾಯಲ್ಲಿ ನನ್ನೂರಿನ ‘ಕನಾ ಮೊಗ’ ಕೇಳಿಯೇ ನನ್ನ ಅರ್ಧ ಭಯ ಹೋಗಿತ್ತು.

ಎಸ್ಟೇಟಿನಲ್ಲಿ ಟೀ ಎಲೆ ಕೀಳುವ ಕೆಲಸ ಬಿಟ್ಟ ಮೇಲೆ ಅತ್ತೆ ಒಂದೇ ಒಂದು ಆಸೆ ಹೇಳಿಕೊಂಡರು.

“ಅನುರಾಧಪುರದಲ್ಲಿ ಬೆಳ್ಳಗಿರೋ ಆ ಗುಡಿಯ ಒಂದ್ಸಲ ಹತ್ರದಿಂದ ನೋಡ್ಬೇಕು ಕನಾ ಮೊಗ.”

ದೂರದಿಂದ ಅವರು ಅದನ್ನು ನೋಡಿದ್ದರು, ಊರು ಬಿಟ್ಟ ಪ್ರಯಾಣದಲ್ಲಿ. ಬೆಟ್ಟ ಇಳಿದು ಹಡಗುಕಟ್ಟೆಗೆ ಹೋಗುವ ರೈಲು ಅನುರಾಧಪುರದ ಮೇಲೆ ಹಾದುಹೋಗುತ್ತಿತ್ತು. ಬೋಗಿಯಲ್ಲಿದ್ದವರೆಲ್ಲ ಅತ್ತೂ ಅತ್ತೂ ಸುಸ್ತಾಗಿದ್ದರು. ಬೆಳಕು ಹರಿಯುವ ಹೊತ್ತಿಗೆ ಮರಗಳ ಮೇಲೆ ಬಿಳಿಯ ಗುಮ್ಮಟವೊಂದು ಕಂಡಿತು. ಅವರ ತಾಯಿ ಕೈಮುಗಿದು ಅದರ ಕಥೆ ಹೇಳಿದರು. ಎಸ್ಟೇಟಿಗೆ ಹಲಸು ಮಾರಲು ಬರುತ್ತಿದ್ದ ಸಿಂಹಳದ ಹೆಂಗಸೊಬ್ಬಳಿಂದ ಆಕೆ ಕೇಳಿದ್ದ ಕಥೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ಬುದ್ಧನ ಅಸ್ಥಿಧಾತುಗಳನ್ನಿಟ್ಟು ಆ ಸ್ತೂಪ ಕಟ್ಟಿಸುತ್ತಿದ್ದ. ಮುಗಿಯುವ ಮೊದಲೇ ಹಾಸಿಗೆ ಹಿಡಿದ. ಅಣ್ಣ ಕಣ್ಣುಮುಚ್ಚುವ ಮುಂಚೆ ಅದನ್ನು ಪೂರ್ತಿಯಾಗಿ ನೋಡಲಿ ಎಂದು ತಮ್ಮ, ಕೆಲಸ ಉಳಿದಿದ್ದ ಭಾಗಕ್ಕೆಲ್ಲ ಬಿಳಿ ಬಟ್ಟೆ ಹೊದಿಸಿದ. ಪಲ್ಲಕ್ಕಿಯಲ್ಲಿ ಮಲಗಿಕೊಂಡೇ ಬಂದ ರಾಜ ಅದನ್ನು ಕಂಡು ನೆಮ್ಮದಿಯಿಂದ ಪ್ರಾಣ ಬಿಟ್ಟ.

ಕಳೆದ ವರ್ಷ ಕೊನೆಗೂ ಹೊರಟೆವು. ಗೂಡಲೂರಿನ ಅಂಗಡಿ ಬಿಟ್ಟು ಬರಲಾಗದ ನನ್ನ ಗಂಡ ನಮ್ಮಿಬ್ಬರನ್ನು ಬಸ್ಸು ಹತ್ತಿಸಿದರು. ಚಳಿಯ ನಡುವಟ್ಟಂ ದಾಟುವಾಗ ಅತ್ತೆ ಸ್ವೆಟರಿನ ಮೇಲೊಂದು ಶಾಲು ಹೊದ್ದರು. ತಿರುಚ್ಚಿಯಲ್ಲಿ ಅದೆಲ್ಲ ಕಳಚಿ, ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದರು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಎಂದಿದ್ದ ಕಡೆ ಬೆರಳಿಟ್ಟು, “ನೋಡು, ನಾನು ಊರಿಗೆ ಹೋಯ್ತಾ ಇವ್ನಿ, ನೀನು ನೆಂಟ್ರು,” ಎಂದು ನಕ್ಕರು.

ಅನುರಾಧಪುರದಲ್ಲಿ ಆವತ್ತು ಬಿಸಿಲು ಸುಡುತ್ತಿತ್ತು. ಚಪ್ಪಲಿ ಬಿಟ್ಟು, ಎಲ್ಲರಂತೆ ಬಿಳಿಯುಟ್ಟು ಒಳಗೆ ಹೋದೆವು. ತಲೆಯೆತ್ತಿ ನೋಡಿದೆ. ಅಷ್ಟು ದೊಡ್ಡದು ಅಷ್ಟು ಹಗುರವಾಗಿ ಕಾಣಬಹುದು ಎಂದು ನಾನು ಎಣಿಸಿರಲಿಲ್ಲ. ಇಟ್ಟಿಗೆಯ ಬೆಟ್ಟ ಅದು. ಆದರೂ ಗಾಳಿ ಬಂದರೆ ಮೇಲೇಳುತ್ತದೇನೋ ಎನ್ನುವ ಹಾಗಿತ್ತು.

ಸುತ್ತಲಿನ ಗೋಡೆಯ ತುಂಬ ಸಾಲಾಗಿ ಗಾರೆಯ ಆನೆಗಳು, ಜಗಲಿಯನ್ನೇ ಬೆನ್ನ ಮೇಲೆ ಹೊತ್ತಂತೆ. ಅತ್ತೆ ಅಲ್ಲೇ ನಿಂತುಬಿಟ್ಟರು. ದೇವಾಲದಲ್ಲಿ ಒಮ್ಮೆ ಆನೆ ಬಂದು ನಮ್ಮ ಅಡುಗೆಮನೆಯ ಗೋಡೆ ಒಡೆದು ಅಕ್ಕಿ ತಿಂದುಹೋಗಿತ್ತು. ಅಂದಿನಿಂದ ಅವರು ಆನೆ ಎಂಬ ಮಾತೆತ್ತಿದರೆ ಬೈಯುತ್ತಿದ್ದರು. ಈ ಸ್ತೂಪದ ಅಡಿಪಾಯಕ್ಕೆ ಸುರಿದ ಕಲ್ಲುಪುಡಿಯನ್ನು, ಕಾಲಿಗೆ ಚರ್ಮ ಕಟ್ಟಿದ ಆನೆಗಳಿಂದ ತುಳಿಸಿ ಗಟ್ಟಿಮಾಡಿದ್ದರಂತೆ ಎಂದು ಓದಿಕೊಂಡು ಹೋಗಿದ್ದೆ. ಹೇಳಿದೆ.

“ಹಂಗಾದ್ರೆ ಇವು ಕೆಲಸ ಮಾಡಿರೋ ಆನೆಗಳು,” ಎಂದು ಒಂದರ ಸೊಂಡಿಲು ಸವರಿದರು.

ಬಹಳ ಕಾಲ ಯಾರೂ ನೋಡಿಕೊಳ್ಳದೆ ಕಾಡು ಬೆಳೆದು ಇದು ಬರೀ ಗುಡ್ಡದಂತೆ ಆಗಿತ್ತು, ಆಮೇಲೆ ಜನರೇ ಸೇರಿ ಮತ್ತೆ ಎತ್ತಿ ನಿಲ್ಲಿಸಿದರು ಎಂದೆ. ಅದು ಅವರಿಗೆ ಆಶ್ಚರ್ಯವೆನಿಸಲಿಲ್ಲ. “ಕೊಂಬೆ ಸವರದೆ ಬಿಟ್ರೆ ಟೀ ಗಿಡನೇ ಮರ ಆಯ್ತದೆ. ಆದ್ರೆ ಬೇರು ಸಾಯಕಿಲ್ಲ ಕನಾ.”

ಸ್ತೂಪ ಕಟ್ಟಿಸಿದ ಆ ರಾಜ ಯುದ್ಧದಲ್ಲಿ ಸೋಲಿಸಿ ಕೊಂದದ್ದು ಒಬ್ಬ ತಮಿಳು ದೊರೆಯನ್ನು. ಹೇಳಲೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದೆ. ಅತ್ತೆಗೆ ಅದು ಮೊದಲೇ ಗೊತ್ತಿತ್ತು. “ಸೋತವನ ಸಮಾಧಿ ಮುಂದೆ ಹೋಗುವಾಗ ವಾದ್ಯ ನಿಲ್ಲಿಸ್ಬೇಕು ಅಂತ ಕಟ್ಟಳೆ ಮಾಡಿದ್ನಂತೆ. ಅಷ್ಟು ಮಾಡ್ದೋರು ಎಷ್ಟು ಜನ ಅವ್ರೆ, ಹೇಳು?” ಎಂದರು. ಅವರ ದನಿಯಲ್ಲಿ ಕಹಿಯಿರಲಿಲ್ಲ.

ಅಷ್ಟರಲ್ಲಿ ಯಾತ್ರಿಕರ ಗುಂಪೊಂದು ಸ್ತೂಪಕ್ಕೆ ಸುತ್ತಲು ಉದ್ದನೆಯ ಬಟ್ಟೆಯನ್ನು ತಲೆಯ ಮೇಲೆ ಹಿಡಿದುಕೊಂಡು ಬಂತು. ಗುಂಪಿನಲ್ಲಿದ್ದ ಒಬ್ಬಾಕೆ ಅತ್ತೆಯ ಬಿಳಿ ಕೂದಲು ನೋಡಿ, ಪಕ್ಕಕ್ಕೆ ಸರಿದು, ಅಂಚು ಹಿಡಿಯಲು ಜಾಗ ಕೊಟ್ಟಳು. ಅತ್ತೆ ನನ್ನ ಕೈ ಬಿಟ್ಟು ಬಟ್ಟೆ ಹಿಡಿದುಕೊಂಡರು. ನಾನು ಹಿಂದೆ ಹಿಂದೆ ನಡೆದೆ.

“ಗಮ ಕೊಹೆದ?” ಎಂದು ಆಕೆ ಸಿಂಹಳದಲ್ಲಿ ಕೇಳಿದಳು. ಊರು ಯಾವುದು ಎಂದು. ಹನ್ನೆರಡರ ವಯಸ್ಸಿನಲ್ಲಿ ಬಿಟ್ಟುಬಂದ ಆ ಭಾಷೆ ಮರೆತೇ ಹೋಗಿದೆ ಎಂದು ಅತ್ತೆ ಯಾವಾಗಲೂ ಹೇಳುತ್ತಿದ್ದರು. ಈಗ ತಡವರಿಸುತ್ತಲೇ ಒಂದೊಂದೇ ಮಾತು ಹೊರಬಂತು. ಹುಟ್ಟಿದ ಎಸ್ಟೇಟಿನ ಹೆಸರು ಹೇಳಿದರು, ಈಗ ಇರುವುದು ದೇವಾಲ ಎಂದರು. ಆಕೆ ಬೆರಗಾಗಿ ಏನೋ ಕೇಳಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

“ಏನತ್ತೆ?”

“ಇವ್ರ ಮಾತಲ್ಲಿ ದೇವಾಲೆ ಅಂದ್ರೆ ದೇವ್ರ ಗುಡಿ. ಗುಡೀಲಿ ವಾಸ ಮಾಡ್ತೀಯಾ ಅಂತ ಕೇಳ್ತಾವ್ಳೆ!”

ನಗುತ್ತಿದ್ದವರ ಕಣ್ಣು ತುಂಬಿ ಬಂತು. ಬಟ್ಟೆಯನ್ನು ಮಾತ್ರ ಬಿಡಲಿಲ್ಲ. ಮೂರು ಸುತ್ತು ಮುಗಿದ ಮೇಲೆ ಆಕೆ ಅತ್ತೆಯ ಕೈಗೆ ತಾವರೆ ಮೊಗ್ಗುಗಳನ್ನಿಟ್ಟು ಹೊರಟುಹೋದಳು. ಅತ್ತೆ ಅವನ್ನು ಪೀಠದ ಮೇಲಿಟ್ಟು, ಸಂಜೆಯವರೆಗೆ ನೆರಳಿನಲ್ಲಿ ಕುಳಿತರು.

ಮರುದಿನ ಹಳೆಯ ಎಸ್ಟೇಟಿಗೆ ಹೋಗುವುದೆಂದು ನಾನು ಗೊತ್ತುಮಾಡಿದ್ದೆ. ಅವರು ಬೇಡವೆಂದರು. “ಅಲ್ಲಿ ನಮ್ಮೋರು ಯಾರೂ ಇಲ್ಲ. ನೋಡ್ಬೇಕಾದದ್ದ ನೋಡಾಯ್ತು ಮೊಗ.” ನಾನು ಬಲವಂತ ಮಾಡಲಿಲ್ಲ.

ದೇವಾಲಕ್ಕೆ ಮರಳಿದ ಮಾರನೆಯ ಬೆಳಿಗ್ಗೆ ಲೈನಿನ ನಲ್ಲಿಯ ಹತ್ತಿರ ಹೆಂಗಸರು ಅತ್ತೆಯನ್ನು ಸುತ್ತಿಕೊಂಡರು. ಎಷ್ಟು ದೊಡ್ಡದು, ಯಾವ ಆಕಾರ ಎಂದು ಒಬ್ಬೊಬ್ಬರೂ ಕೇಳುವವರೇ. ಅತ್ತೆ ಬಟ್ಟಲಲ್ಲಿ ನೀರು ಹಿಡಿದು, ಅಂಗೈಯಲ್ಲಿ ಒಂದಿಷ್ಟು ತೆಗೆದು ಮೇಲಿಂದ ಬಟ್ಟಲಿಗೆ ರಪ್ಪನೆ ಹೊಡೆದರು. ಗುಳ್ಳೆಯೊಂದು ಎದ್ದಿತು. ಯಾವ ಆಕಾರದಲ್ಲಿ ಕಟ್ಟುತ್ತೀಯ ಎಂದು ರಾಜ ಕೇಳಿದಾಗ ಮೇಸ್ತ್ರಿ ಹೀಗೇ ತೋರಿಸಿದನಂತೆ ಎಂದು ತಮಿಳಿನಲ್ಲಿ ಅವರಿಗೆ ವಿವರಿಸತೊಡಗಿದರು. ಅಷ್ಟರಲ್ಲಿ ಗುಳ್ಳೆ ಒಡೆದಿತ್ತು. ಸರಿಯಾಗಿ ನೋಡಲಿಲ್ಲ ಎಂದು ಹಿಂದೆ ನಿಂತವರು ಗಲಾಟೆ ಮಾಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮತ್ತೆ ಕೈಯಲ್ಲಿ ನೀರು ತೆಗೆದುಕೊಂಡರು.