ಗಚ್ಚಿ ಕೆಳಗಿನ ತೊಲಿ

ಬಿಸಲಿಗಿ ಕಾದ ಸಿಮಿಟಿನ ನೆಲದ ಮ್ಯಾಲ ಒಂದ ಬಕೀಟ ನೀರ ಚೆಲ್ಲಿದ್ರ ಒಂದ ವಾಸನಿ ಏಳ್ತದ ನೋಡ್ರಿ. ಮೊನ್ನಿ ಐತಾರ ಆ ವಾಸನಿ ಮೂಗಿಗಿ ಬಡದಕೂಡ್ಲೆ ನನ್ನ ಕಾಲ ಅಲ್ಲೇ ನಿಂತ್ವು. ಅದು ಗುಲಬರ್ಗಾದಾಗ ಹೊಸದಾಗಿ ಏಳಾಕತ್ತಿದ ಒಂದ ಬಿಲ್ಡಿಂಗು. ಮೂರನೇ ಅಂತಸ್ತು. ನಮ್ಮ ಅಕ್ಕ, ಮಾಮಾ ಅಲ್ಲೊಂದು ಫ್ಲ್ಯಾಟ್ ತೊಗೊಳೂ ವಿಚಾರದಾಗ ಅದಾರ. "ನೀನೂ ಬಾರೋ, ನಿನಗ ಮನಿ ಕಟ್ಟೂದು ತಿಳಿತದಲ್ಲ" ಅಂತ ನನ್ನ ಕರಕೊಂಡ ಹೋಗಿದ್ರು.

ತಿಳಿತದ ಅಂದ್ರ ಯಾರೂ ಕಲಿಸಿದ್ದಲ್ಲ ಮತ್ತ. ಎಲ್ಲಿ ಕಟ್ಟಡ ನಡದಿದ್ರೂ ನಿಂತು ನೋಡೂ ಚಟ, ಕಿಸೆದಾಗ ಯಾವಾಗ್ಲೂ ಒಂದ ಟೇಪು. ಮೇಸ್ತ್ರಿಗೋಳು ನನ್ನ ಕಂಡ್ರ "ಬಂದ ನೋಡ್ರಪಾ ಬಿಟ್ಟಿ ಇಂಜಿನೇರ" ಅಂತ ನಗ್ತಾರ. ನಗ್ಲಿ ಬಿಡ್ರಿ.

ಬಿಲ್ಡರನ ಕಡಿ ಮನಷ್ಯಾ ಹಿಂದಿನ ಬಾಗಲ ತಗದು, "ಇದು ಬಾಲ್ಕನಿರಿ. ಪೂರಾ ನಿಮ್ಮದು. ಇಲ್ಲಿ ಇನ್ನೊಬ್ರು ಬರಂಗೇ ಇಲ್ಲ" ಅಂದ. ಅಕ್ಕನ ಮಗಳು ಭಾಗ್ಯಾ, ಆರು ವರ್ಷದಾಕಿ, ಒಂದೇ ಜಿಗತಕ್ಕ ಅದರ ಮ್ಯಾಲ ಹೋಗಿ ಕುಣಿಯಾಕ ಹತ್ತಿದ್ಲು. ನಾ ಉಸರ ಹಿಡದ್ನಿ. ಎಲ್ಲಾರೂ ಬಾಲ್ಕನಿದಿಂದ ಹೊರಗ ನೋಡ್ತಾರ, ನಾ ಮಾತ್ರ ಇದರ ಕೆಳಗ ಏನದ ಅಂತ ವಿಚಾರ ಮಾಡ್ತೇನಿ. ಹುಚ್ಚ ಅನಬ್ಯಾಡ್ರಿ. ಮದಲ ನಮ್ಮ ಆಳಂದದ ಗಚ್ಚಿ ಕತಿ ಕೇಳ್ರಿ.

ಆಳಂದದ ಬಜಾರದಾಗ ನಾವು ಒಬ್ಬ ತೊಗರಿ ಸಾವ್ಕಾರ್ರ ಅಂಗಡಿ ಮ್ಯಾಲ ಬಾಡಿಗಿ ಇದ್ವಿ. ಎರಡ ಖೋಲಿ, ಖೋಲಿ ಮುಂದ ತೆರದ ಗಚ್ಚಿ. ಕೆಳಗ ಮುಂದಿನ ಭಾಗಕ್ಕ ಅಂಗಡಿ, ನಡಕ ಸಾವ್ಕಾರ್ರ ಮನಿ, ಹಿಂದ ಗೋದಾಮ. ಆ ಗೋದಾಮದ ಮಾಳಗಿನೇ ನಮ್ಮ ಗಚ್ಚಿ. ಅಂಗಳ ಅನ್ನೂದು ಸಾವ್ಕಾರ್ರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಬಜಾರದಾಗ ಅಂಗೈಯಷ್ಟ ನೆಲ ಖಾಲಿ ಇದ್ರ ಅಲ್ಲೊಂದು ಚೀಲ ಇಡೂ ಮಂದಿ ಅವ್ರು.

ನಮ್ಮವ್ವ ಕರಜಗಿದಾಕಿ. ದೊಡ್ಡ ಹಿತ್ತಲ, ಬೇವಿನ ಗಿಡ ಎಲ್ಲಾ ನೋಡಿ ಬೆಳದಾಕಿ. ಗಚ್ಚಿ ಮ್ಯಾಲ ಶ್ಯಾವಿಗಿ ಒಣಾ ಹಾಕ್ತಾ "ಇದೇನ ಮನಿನೋ, ಗುಬ್ಬಿ ಗೂಡೋ" ಅಂತಿದ್ಲು. ಅಪ್ಪ ತಾಲೂಕ ಕಚೇರಿದಾಗ ಕಾರ್ಕೂನ. "ಗುಬ್ಬಿಗಿ ಕೂಡಾ ಗಚ್ಚಿ ಇರಂಗಿಲ್ಲ, ಸುಮ್ಮ ಕೂಡು" ಅಂತಿದ್ದ. ದಿನಾ ಸಂಜಿಮುಂದ ನೆಲಕ್ಕ ನೀರ ಹೊಡಿಯೂದು ನನ್ನ ಕೆಲಸ. ಆಗ ನನಗ ಹದಿನಾರು.

ಆ ವರ್ಷ ಅಕ್ಕ ಚೊಚ್ಚಲ ಹಡಿಯಾಕ ಬಂದಿದ್ಲು. ಹೆಣ್ಣಾತು, ಇದೇ ಭಾಗ್ಯಾ. ಕೂಸಿಗಿ ಇನ್ನಾ ಒಂಬತ್ತ ದಿನ, ಅಷ್ಟರಾಗ ಬೆಳಗಿನ ಜಾವ ಭೂಮಿ ನಡಗಿತು. ಗಡಿ ಆಚಿ ಮಹಾರಾಷ್ಟ್ರದಾಗ ಊರಿಗಿ ಊರೇ ನೆಲಕ್ಕ ಹೋದ್ವು, ನೀವೂ ಕೇಳಿರ್ತೀರಿ. ನಮ್ಮ ಕಡಿ ಅಷ್ಟ ಇಲ್ಲದಿದ್ರೂ ಹಳ್ಯಾಗ ಕಲ್ಲಮಣ್ಣಿನ ಮನಿ ಬಿದ್ವು. ಆಳಂದದಾಗ ಗ್ವಾಡಿ ಬಿರಕ ಬಿಟ್ಟುವು. ಅವತ್ತಿಂದ ಯಾರೂ ಮಾಳಗಿ ಕೆಳಗ ಮಲಗವಲ್ರು. ದಿನಕ್ಕ ಎರಡ ಸರ್ತಿ, ಮೂರ ಸರ್ತಿ ಸಣ್ಣಗ ನಡಗತಿತ್ತು. ಅಪ್ಪನ್ನ ಬಿದ್ದ ಮನಿ ಬರಕೊಂಡ ಬರಾಕ ಗಡಿ ಹಳ್ಳಿಗೋಳಿಗಿ ಕಳಿಸಿಬಿಟ್ರು. ಹೋಗೂಮುಂದ ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಮನ್ಯಾಗ ಈಗ ಗಂಡಸು ಅಂದ್ರ ನೀನೇ" ಅಂದ. ಆ ಕೈ ಒಂದ ಕ್ವಿಂಟಲ್ ಇತ್ತು ಅನಸ್ತು.

ಈಗ ಬಾಣಂತಿ ಸಂಗತಿ ನಿಮಗ ಗೊತ್ತಿರ್ತದ. ಬಾಗಲಾ ಕಿಟಕಿ ಮುಚ್ಚಿ, ಹೊರಸಿನ ಕೆಳಗ ಅಗ್ಗಿಷ್ಟಿಗಿ ಇಟ್ಟು, ತಲಿ ಕಿವಿಗಿ ಅರಿಬಿ ಸುತ್ತಿ ಮಲಗಸ್ತಾರ. ಗಾಳಿ ಹತ್ತಬಾರ್ದು. ಗಾಳಿ ಹತ್ತಿದ್ರ ಬಾಣಂತಿ ಉಳಿಯಂಗಿಲ್ಲ ಅಂತ ನಮ್ಮವ್ವನ ನಂಬಿಗಿ. ಆಕಿ ತಂಗಿನ್ನ ಹಂಗೇ ಕಳಕೊಂಡಾಕಿ. ಅಕ್ಕಗ ನೋಡಿದ್ರ ಮಾಳಗಿ ಅಂಜಿಕಿ. ಒಳಗ ಮಲಗಿದ್ರ ಕಣ್ಣ ಮ್ಯಾಲೇ ಇರ್ತಿದ್ವು, ಜಂತಿ ಎಣಸ್ಕೋತ.

"ಅವ್ವಾ, ಹೊರಗ ಕರಕೊಂಡ ಹೋಗು. ಇದು ನನ್ನ ಮ್ಯಾಲ ಬೀಳ್ತದ."

"ಹೊರಗ ಹೋದ್ರ ಗಾಳಿ ನಿನ್ನ ತಿಂತದ, ಸುವ್ವಿ."

"ತಿಂದ್ರ ನನ್ನೊಬ್ಬಾಕಿನ್ನ ತಿಂತದ. ಮಾಳಗಿ ಬಿದ್ರ ಕೂಸೂ ಹೋಗ್ತದ."

ಅವ್ವ ಬಾಯಿಗಿ ಸೆರಗ ಹಿಡಕೊಂಡು ಅತ್ತಳು. ಆಮ್ಯಾಲ ಒಂದ ತೀರ್ಮಾನ ಮಾಡಿದ್ಲು. ಹೊಸ್ತಿಲದ ಮ್ಯಾಲ ಹಾಸಿಗಿ ಹಾಕಿ, ಅಕ್ಕನ ಎದಿ ತನಕ ಗಚ್ಚಿ ಮ್ಯಾಲ, ಕಾಲ ಖೋಲ್ಯಾಗ. ಯಾಕ ಅಂದ್ರ "ಕಾಲರೆ ಬೆಚ್ಚಗ ಇರ್ಲಿ, ತಲಿ ಮದಲ ಉಳಿಲಿ." ನಾ ನಕ್ಕೆ. ಅಕ್ಕ ನಗಲಿಲ್ಲ. ಬಾಗಲ ಚೌಕಟ್ಟ ಬಿದ್ರ ಬರೋಬ್ಬರಿ ಹೊಟ್ಟಿ ಮ್ಯಾಲ ಬೀಳ್ತದ ಅಂತ ಆಕಿಗಿ ಆಗ್ಲೇ ತಿಳದಿತ್ತು.

ಹೀಂಗ ಇರೂಮುಂದ ಸಾವ್ಕಾರ್ರ ತಾಯಿ ಮ್ಯಾಲ ಬಂದ್ಲು. ಎಲ್ಲಾರೂ ಆಕಿಗಿ ಆಯಿ ಅಂತಿದ್ರು. ಮೊಣಕಾಲ ನೋವು, ಒಂದೊಂದ ಮೆಟ್ಟಲಕ್ಕ ಒಂದೊಂದ ಸಲ "ಬಸವಾ" ಅಂತ ಏರಿ ಬಂದು ಹೊಸ್ತಿಲದಾಗ ಅರ್ಧಾ ಬಿದ್ದಿದ್ದ ಅಕ್ಕನ್ನ ನೋಡಿದ್ಲು.

"ಏನ ಬೇ ಇದು, ಹುಡುಗಿನ್ನ ಬಾಗಲಾಗ ಸಿಗಸೀದಿ?"

ಅವ್ವ ಎಲ್ಲಾ ಹೇಳಿದ್ಲು. ಆಯಿ ಗಚ್ಚಿ ತುಂಬಾ ಒಂದ ಸುತ್ತ ಹೊಡದು, "ಇಲ್ಲಿ ಸುತ್ತಲೂ ಸೀರಿ ಕಟ್ಟು. ಬೀದ್ಯಾಗ ಮಲಗಾಕ ನಮ್ಮ ಸೊಸಿಗೋಳಿಗೂ ನಾಚಿಕಿ. ಸಂಜಿಗಿ ನಮ್ಮ ಹೆಣ್ಣಮಕ್ಕಳೆಲ್ಲಾ ಇಲ್ಲೇ ಬರ್ತೀವಿ. ಸುತ್ತ ನಾವ ಮಲಗ್ತೀವಿ, ನಡಕ ಈಕಿ ಮಲಗ್ಲಿ. ಇಷ್ಟ ಮಂದಿನ್ನ ದಾಟಿ ಯಾ ಗಾಳಿ ಬರ್ತದ ನೋಡೂಣು. ಮತ್ತ ಬಾಣಂತಿ ಇದ್ದಲ್ಲಿ ಗಂಡಸರು ಮೆಟ್ಟಲ ಏರಬಾರ್ದು. ನೀನೂ ಇಳಿಯಲೇ" ಅಂತ ನನ್ನ ಕಡಿ ಕೈ ಮಾಡಿದ್ಲು.

ಅಕ್ಕ ಅವತ್ತ ಮದಲನೇ ಸಲ ನಕ್ಕಳು. ಊರೆಲ್ಲಾ ಬೀದ್ಯಾಗ ಬಿದ್ದಾಗ ಆಕಿಗಿ ಮ್ಯಾಲ ಬಯಲು, ಸುತ್ತ ಸೀರಿ ಮರಿ, ನಡಕ ಬೆಚ್ಚಗಿನ ಜಾಗಾ. ಗುಬ್ಬಿ ಗೂಡು ಅಂತಿದ್ದ ನಮ್ಮವ್ವ ಅವತ್ತ ಗಚ್ಚಿ ನೆಲಾ ಮುಟ್ಟಿ ಹಣಿಗಿ ಹಚಕೊಂಡ್ಲು.

ನಾ ಮಾತ್ರ ಸುಮ್ಮ ಇಳಿಲಿಲ್ಲ. ಇಷ್ಟ ಮಂದಿ ಭಾರ ಗಚ್ಚಿ ತಡಿತದೋ ಇಲ್ಲೋ ಅಂತ ಇಂಜಿನೇರ ತಲಿ ಓಡಿತು. ಬ್ಯಾಟರಿ ಹಿಡದು ಗೋದಾಮದಾಗ ಹೋದ್ನಿ. ಹಾಡಾಹಗಲಿ ಅಲ್ಲಿ ಕತ್ತಲಿ. ಬೆಳಕ ಮ್ಯಾಲ ಬಿಟ್ನಿ. ನಡಕಿನ ತೊಲಿ, ಅಂದ್ರ ಗಚ್ಚಿನ್ನ ಹೊತ್ತ ದೊಡ್ಡ ತೊಲಿ, ಸೀಳಿತ್ತು. ಹಳೇ ಕಟಗಿ ಹೊಗಿ ಹಿಡದು ಕರ್ರಗ ಇತ್ತು, ಸೀಳಿದ ಜಾಗಾದಾಗ ಮಾತ್ರ ಹೊಸ ಹಲ್ಲಿನಂಗ ಬೆಳ್ಳಗ. ಒಂದ ಬೆರಳ ಹೋಗ್ತಿತ್ತು.

ಹೇಳಬೇಕಿತ್ತು. ನನಗೂ ಗೊತ್ತದ. ಆದ್ರ ಹೇಳಿದ್ರ ಅಕ್ಕ ಎಲ್ಲಿ ಹೋಗ್ಬೇಕು? ಮತ್ತ ಖೋಲ್ಯಾಗ, ಇಲ್ಲಂದ್ರ ಬೀದ್ಯಾಗ, ಥಂಡಿ ಗಾಳ್ಯಾಗ, ನಾಯಿ ಗೂಳಿ ನಡಕ. ಆಕಿ ನಕ್ಕಿದ್ದು ಕಣ್ಣ ಮುಂದ ಬಂತು. ನಾ ಯಾರಿಗೂ ಹೇಳಲಿಲ್ಲ. ಹಮಾಲ ಮೌಲಾಲಿ ಚಾಚಾನ ಹತ್ರ ಮಾತ್ರ ಹೋದ್ನಿ.

ಚಾಚಾ ತೊಲಿ ನೋಡಿ ತಲಿ ಮ್ಯಾಲಿನ ಟಾವೆಲ್ ಬಿಚ್ಚಿದ. "ಯಾ ಅಲ್ಲಾ. ತಮ್ಮಾ, ಇದಕ್ಕ ಕೆಳಗ ಕಂಬಾ ಬೇಕು."

"ಕಂಬಾ ಎಲ್ಲಿಂದ ತರೂದು ಚಾಚಾ? ಊರಾಗಿನ ಕಟಗಿ ಎಲ್ಲಾ ಗ್ವಾಡಿಗಿ ತೇಕಿ ಕೊಡಾಕ ಹೋಗ್ಯಾವ."

ಚಾಚಾ ಸುತ್ತ ನೋಡಿದ. ಗೋದಾಮದ ತುಂಬಾ ತೊಗರಿ ಚೀಲ. "ಇವು ಅದಾವಲ್ಲ" ಅಂದ.

ಅವತ್ತ ಮಧ್ಯಾಹ್ನ ನಾವಿಬ್ರು ಸೀಳಿದ ತೊಲಿ ಕೆಳಗ ಥಪ್ಪಿ ಹಚ್ಚಿದ್ವಿ. ಒಂದ ಸಾಲ ಅಡ್ಡ, ಅದರ ಮ್ಯಾಲ ಒಂದ ಸಾಲ ಉದ್ದ, ಹಂಗೇ ಮ್ಯಾಲ ಮ್ಯಾಲ. ಕಡೀಗಿ ತೊಲಿಗೂ ಚೀಲಕ್ಕೂ ನಡಕ ಒಂದ ಗೇಣ ಉಳೀತು. ಚಾಚಾ ಅರ್ಧಾ ತುಂಬಿದ ಚೀಲ ಆ ಸಂದ್ಯಾಗ ತುರುಕಿ ಹಲಗಿಲಿಂದ ಬಡಿದ. ತೊಗರಿ ಚೀಲ ಅನ್ನೂದು ಒಂಥರಾ ಮೆತ್ತನ ಕಲ್ಲರಿ, ಬಡದಂಗ ಬಡದಂಗ ಸಂದಿನ ಆಕಾರಕ್ಕ ಕೂಡ್ತದ. "ಇನ್ನ ಇದು ತೊಗರಿ ಅಲ್ಲ, ಗ್ವಾಡಿ" ಅಂದ ಚಾಚಾ. ಆದ್ರ ಹೇಳೂಮುಂದ ನನ್ನ ಮುಖಾ ನೋಡಲಿಲ್ಲ.

ಅವತ್ತ ಸಂಜಿಗಿ ಹೆಣ್ಣಮಕ್ಕಳು ಬಂದ್ರು. ಸಾವ್ಕಾರ್ರ ಮನಿಯವ್ರು ಅಷ್ಟೇ ಅಲ್ಲ, ಸುದ್ದಿ ಕೇಳಿ ಬಾಜು ಮನಿಯವ್ರೂ ಬಂದ್ರು. ನಾ ಮೆಟ್ಟಲ ಕೆಳಗ ನಿಂತು ಎಣಸ್ತಿದ್ನಿ. ಹತ್ತು. ಹನ್ನೊಂದು. ಕೈಯಾಗ ಕೌದಿ, ಬಗಲಾಗ ಮಕ್ಕಳು, ನಗಾಟ. ಹದಿನೇಳು. ಒಬ್ಬಾಕಿ ಬೀಸೂಕಲ್ಲಿನಂಥ ಟ್ರಂಕ್ ಹೊತ್ತಿದ್ಲು. "ಅಕ್ಕಾರ, ಅದನ್ನರೆ ಕೆಳಗ ಇಡ್ರಿ" ಅಂದ್ನಿ. "ಯಾಕೋ, ನೀ ಕಾಯಾಂವೇನು?" ಅಂತ ಕೇಳಿ ಮ್ಯಾಲ ಹೋದ್ಲು.

ಹಿಂಗ ದಿನಾ. ಹಗಲಿ ಇಳೀತಿದ್ರು, ಸಂಜಿಗಿ ಏರ್ತಿದ್ರು. ನಾ ಊಟ ಬಿಟ್ನಿ. ಅವ್ವ ಅಂಜಿಕಿ ಆಗ್ಯಾದ ಅಂತ ನಿಂಬಿಹಣ್ಣ ಇಳಿ ತಗದು ಒಗದ್ಲು. ಅಂಜಿಕಿ ಖರೇನೇ. ಆದ್ರ ಯಾವುದರದು ಅಂತ ಆಕಿಗಿ ಗೊತ್ತಿರಲಿಲ್ಲ.

ಆರನೇ ದಿನ, ದೀಪಾ ಹಚ್ಚೂ ಹೊತ್ತು. ನಾ ಥಪ್ಪಿ ನೋಡಾಕ ಗೋದಾಮದಾಗ ಹೋಗಿದ್ನಿ, ಹಿಂದಿಂದ ಸಾವ್ಕಾರ್ರು ಬಂದ್ರು. ನಾಳಿ ಲಾರಿ ಬರೂದಿತ್ತು.

"ಲೇ, ಈ ಥಪ್ಪಿ ಇಲ್ಲಿ ಯಾರ ಹಚ್ಯಾರ? ನಾಳಿ ಮದಲ ಇದನ್ನೇ ತಗಸ್ಬೇಕು, ದಾರಿಗಿ ಅಡ್ಡ..."

"ಅದನ್ನ ಮುಟ್ಟಬ್ಯಾಡ್ರಿ ಸಾವ್ಕಾರ್ರ."

"ಯಾಕ?"

ಬ್ಯಾಟರಿ ಮ್ಯಾಲ ಬಿಟ್ನಿ. ಅವ್ರು ತೊಲಿ ನೋಡಿದ್ರು. ಅವ್ರ ತಾಯಿ, ಹೆಂಡ್ತಿ, ಇಬ್ರು ಸೊಸೇರು ಆಗ್ಲೇ ಮ್ಯಾಲ ಹೋಗಿದ್ರು. ಹೆಜ್ಜಿ ಸಪ್ಪಳ ನಮ್ಮ ತಲಿ ಮ್ಯಾಲೇ ಕೇಳ್ತಿತ್ತು.

ಅದೇ ಹೊತ್ತಿಗಿ ಭೂಮಿ ನಡಗಿತು.

ಮದಲ ಕೆಳಗಿಂದ ಗುರ್ರ್ ಅಂತ. ಆಮ್ಯಾಲ ಮ್ಯಾಲ ಚೀರಾಟ. ಎಲ್ಲಾರೂ ಒಮ್ಮಿಗೇ ಎದ್ದು ಮೆಟ್ಟಲ ಕಡಿ ಓಡಿದ್ರು. ಮೆಟ್ಟಲಿಗಿ ಹೋಗೂ ದಾರಿ ಬರೋಬ್ಬರಿ ಆ ತೊಲಿ ಮ್ಯಾಲೇ ಇತ್ತು. ತೊಲಿ ಕಿರ್ರ್ ಅಂತು. ಮಣ್ಣ ನನ್ನ ಕಣ್ಣಾಗ, ತಲ್ಯಾಗ ಉದರ್ತು. ಸಾವ್ಕಾರ್ರು, ಅಷ್ಟ ದೊಡ್ಡ ಮನಷ್ಯಾ, ಹೆಗಲ ಕೊಟ್ಟು ಥಪ್ಪಿಗಿ ಒತ್ತಿ ನಿಂತ್ರು. ನಾನೂ ನಿಂತ್ನಿ. ನಮ್ಮ ಇಬ್ಬರ ಹೆಗಲಲಿಂದ ಏನ ಆಗ್ತಿತ್ತು ಹೇಳ್ರಿ? ಸಾವ್ಕಾರ್ರು "ಕೂಡ್ರಿ, ಕೂಡ್ರಿ, ಓಡಬ್ಯಾಡ್ರಿ" ಅಂತ ಒದರಿದ್ರು. ಮ್ಯಾಲಿನ ಗದ್ದಲದಾಗ ಅದು ಯಾರಿಗಿ ಕೇಳ್ತದ?

ಆಗ ಆಯಿ ದನಿ ಕೇಳ್ತು. "ಎಲ್ಲಿ ಓಡ್ತೀರಿ ಬೇ? ಹಸಿ ಬಾಣಂತಿ ಕೂಸ ತೊಗೊಂಡು ಕುಂತಾಳ, ನಿಮಗೇನ ದಾಡಿ? ಕೂಡ್ರಿ ಕುಂತಲ್ಲಿ!"

ಕುಂತ್ರು. ಒಬ್ಬೊಬ್ರೇ ಕುಂತಿದ್ದು ಕೆಳಗ ಗೊತ್ತಾಗ್ತಿತ್ತು. ತೊಲಿ ಸುಮ್ಮ ಆತು. ಮ್ಯಾಲಿನ ಚೀಲದ ಹೊಲಿಗಿ ಬಿಟ್ಟು ತೊಗರಿ ಸರ ಸರ ಅಂತ ನನ್ನ ಅಂಗಿ ಒಳಗ ಇಳ್ಯಾಕ ಹತ್ತಿತ್ತು. ಅದು ನಿಲ್ಲೂತನಕ ನಾವಿಬ್ರೂ ಅಳ್ಳಾಡಲಿಲ್ಲ.

"ನಿಮ್ಮವ್ವಗ ಹೇಳೀದಿ?" ಅಂತ ಕೇಳಿದ್ರು ಸಾವ್ಕಾರ್ರು.

"ಇಲ್ರಿ."

ಅವ್ರು ಹೆಗಲ ಮ್ಯಾಲಿನ ಮಣ್ಣ ಝಾಡಿಸಿಕೊಂಡ್ರು. "ಹೇಳಬ್ಯಾಡ. ಗೊತ್ತಾದ್ರ ಮತ್ತೊಮ್ಮಿ ಓಡ್ತಾರ. ಮತ್ತೊಮ್ಮಿ ಓಡಿದ್ರ ಇದು ತಡ್ಯಂಗಿಲ್ಲ."

ಮುಂಜಾನಿ ಲಾರಿ ವಾಪಸ ಹೋತು. ಸಾವ್ಕಾರ್ರು ಎಲ್ಲಾ ತೊಲಿ ಕೆಳಗ ಥಪ್ಪಿ ಹಚ್ಚಿಸಿ ಗೋದಾಮಕ್ಕ ಕೀಲಿ ಹಾಕಿದ್ರು. ಹದಿನಾರ ದಿನ ಅಕ್ಕ ಗಚ್ಚಿ ಮ್ಯಾಲ ಮಲಗಿದ್ಲು. ಆಮ್ಯಾಲ ಅಪ್ಪ ಬಂದ, ಮಂದಿ ಒಂದೊಂದೇ ಮನಿ ಸೇರ್ಕೊಂಡ್ರು. ಬ್ಯಾಸಗ್ಯಾಗ ಸಾವ್ಕಾರ್ರು ಕಬ್ಬಿಣದ ತೊಲಿ ಹಾಕಿಸಿದ್ರು. ನಾ ಮಾತ್ರ ಇಷ್ಟ ವರ್ಷ ಬಾಯಿ ಬಿಡಲಿಲ್ಲ.

ಮೊನ್ನಿ ಗುಲಬರ್ಗಾದಾಗ ಅಕ್ಕ ಬಾಲ್ಕನಿ ಬಾಗಲಾಗ ನಿಂತು ಮಾಮಾಗ ಹೇಳಾಕತ್ತಿದ್ಲು: "ನನಗ ಮನ್ಯಾಗ ಇಂಥದೊಂದು ತೆರದ ಜಾಗಾ ಬೇಕೇ ಬೇಕು. ಊರಾಗ ಎಲ್ಲಾರೂ ಜೀವ ಕೈಯಾಗ ಹಿಡಕೊಂಡಿದ್ದಾಗ ನಾ ಗಚ್ಚಿ ಮ್ಯಾಲ ಒಂದೀಟೂ ಅಂಜಿಕಿ ಇಲ್ದ ಮಲಗಿದ್ನಿ. ಹೌದಲ್ಲೋ?" ಅಂತ ನನ್ನ ಕಡಿ ತಿರಗಿದ್ಲು.

ಹೌದು ಅಂದು ಸುಮ್ಮ ಇರಬೇಕಿತ್ತು. ಆಗ್ಲಿಲ್ಲ ನೋಡ್ರಿ. ಎಲ್ಲಾ ಹೇಳಿಬಿಟ್ನಿ, ತೊಲಿ, ಸೀಳು, ಥಪ್ಪಿ, ಆ ಸಂಜಿ. ಹೇಳಿದ್ರ ಎದಿ ಹಗರ ಆಗ್ತದ ಅನಕೊಂಡಿದ್ನಿ. ಅಕ್ಕನ ಮುಖದಾಗಿಂದ ರಕ್ತ ಇಳದು ಹೋತು.

"ಎಷ್ಟ ದಿನ ನಿನಗ ಗೊತ್ತಿತ್ತು?"

"ಮದಲನೇ ದಿನದಿಂದ."

"ನನ್ನ ಕೂಸು ಅದರ ಮ್ಯಾಲ ಇತ್ತು" ಅಂದ್ಲು. ಭಾಗ್ಯಾನ್ನ ಕರದ್ಲು. ಮತ್ತೊಮ್ಮಿ ಕರದು ರಟ್ಟಿ ಹಿಡದು ಒಳಗ ಎಳಕೊಂಡ್ಲು. ಹುಡುಗಿ ಅಳಾಕ ಹತ್ತಿತು. ನಮ್ಮ ಮನ್ಯಾಗ ನಾ ಆರ ವರ್ಷ ಒಬ್ಬಾಂವೇ ಹೊತ್ತಿದ್ದು ಹಗರ ಆಗ್ಲಿಲ್ಲರಿ. ಅಕ್ಕನ ಮ್ಯಾಲೂ ಹೋತು, ಅಷ್ಟೇ.

ಬಿಲ್ಡರನ ಮನಷ್ಯಾ "ಇದು ಗಟ್ಟಿ ಅದರಿ ಅಕ್ಕಾರ" ಅಂದ. ಅಕ್ಕ ಅವನ ಕಡಿ ನೋಡಲೇ ಇಲ್ಲ. ನನ್ನ ಕಡಿ ನೋಡಿ, "ನೀ ಕೆಳಗ ಹೋಗು. ಇದರ ತಳಗ ಏನದ ನೋಡಿ ಹೇಳು" ಅಂದ್ಲು.

ಇಳದು ಹೋದ್ನಿ. ರೇತಿ ಗುಂಪಿ ಮ್ಯಾಲ ನಿಂತು ತಲಿ ಎತ್ತಿ ನೋಡಿದ್ನಿ. ಬಾಲ್ಕನಿ ಗ್ವಾಡಿಲಿಂದ ಹೊರಗ ಚಾಚಕೊಂಡು ನಿಂತಿತ್ತು. ಕೆಳಗ ಕಂಬ ಇಲ್ಲ, ತೊಲಿ ಇಲ್ಲ, ಬರೇ ಬಯಲು. ಮ್ಯಾಲ ಬಾಗಲಾಗಿಂದ ಅಕ್ಕನ ದನಿ ಬಂತು.

"ಏನದೋ? ಖರೇ ಹೇಳು."

ಏನೂ ಆಗಂಗಿಲ್ಲ ಅಕ್ಕಾ ಅನ್ನೂದು ನಾಲಗಿ ತುದಿಗಿ ಬಂದಿತ್ತು. ನುಂಗಿದ್ನಿ.

"ಕೆಳಗ ಏನೂ ಇಲ್ಲ ಅಕ್ಕಾ" ಅಂತ ಒದರಿದ್ನಿ. "ಒಳಗ ಕಬ್ಬಿಣದ ಸಳಿ ಹಾಕೇವಿ, ಅವೇ ಹಿಡಕೊಂಡಾವ ಅಂತಾರ ಬಿಲ್ಡರನ ಮಂದಿ. ಆ ಸಳಿ ನಾ ನೋಡಿಲ್ಲ."