ಅಮೀನುದ್ದೀನ ಮಾಸ್ತರರ ಶೇಂಗಾ ಬಜಾರು

ಇಂಡಿ ಊರಿನ ಸಹಕಾರಿ ಸಂಘದ ಗೋದಾಮಿನ ಪಕ್ಕದ ತಗಡಿನ ಖೋಲಿಯಲ್ಲಿ ಅಮೀನುದ್ದೀನ ಮೂರು ವಾರದಿಂದ ಪಾಠ ಹೇಳುತ್ತಿದ್ದ. 1959ರ ಬೇಸಿಗೆ ಅದು. ಹಳ್ಳಿಯ ಸಂಘಗಳನ್ನು ನಡೆಸಬೇಕಾದ ಇಪ್ಪತ್ತು ಮಂದಿಗೆ ಆರು ವಾರದ ತರಬೇತಿ. ಎಲ್ಲರೂ ಮೀಸೆ ಹೊತ್ತ ರೈತರು, ಕುರಿಗಾರರು. ಅಮೀನುದ್ದೀನನ ಅಪ್ಪ ಕಾಸಿಂಸಾಬ ಹತ್ತಿ ಬಜಾರಿನಲ್ಲಿ ಜೀವನಪೂರ್ತಿ ತೂಕ ಹಿಡಿದವನು. ಮಗ ಮ್ಯಾಟ್ರಿಕ್ ಪಾಸಾಗಿ ಮಾಸ್ತರನಾದದ್ದು ಮನೆಗೆಲ್ಲ ಹೆಮ್ಮೆ. ಆದರೆ ಆ ಮಾಸ್ತರ 'ಸಹಕಾರದ ತತ್ವಗಳು' ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಅರ್ಧ ಖೋಲಿ ತೂಕಡಿಸುತ್ತಿತ್ತು.

ಎಲ್ಲರಿಗಿಂತ ಗಾಢ ನಿದ್ದೆ ಲಚ್ಯಾಣದ ಅಮೋಘಸಿದ್ಧನದು. ಕುರಿ ಕಾಯುವ ಮನೆತನದವನು. ಹೆಗಲ ಮೇಲಿನ ಕಂಬಳಿ ಬೆಂಚಿಗೆ ಹಾಸಿ ಕೂತನೆಂದರೆ ಗೊರಕೆಯೇ. ಒಂದು ಸಂಜೆ ಅವನು ನೇರ ಬಂದು ಹೇಳಿಬಿಟ್ಟ: "ಮಾಸ್ತರ, ನಾ ನಾಡಿದ್ದ ಊರಿಗೆ ಹೊಕ್ಕೇನ್ರಿ. ಇದು ನನ್ನ ತಲಿಗಿ ಹೋಗೂದಿಲ್ಲ."

ಮನೆಗೆ ಬಂದು ಅಮೀನುದ್ದೀನ ಸಪ್ಪೆ ಮುಖದಲ್ಲಿ ಉಂಡ. ಹೆಂಡತಿ ಅಬಿದಾ ರೊಟ್ಟಿ ಹಾಕುತ್ತ ಕೇಳಿದಳು: "ದಿನಾ ಏನ ಹೇಳ್ತೀರಿ ಅವರಿಗೆ?" ಅವನು ಹೇಳತೊಡಗಿದ. ಎರಡು ಮಾತು ಕೇಳುವಷ್ಟರಲ್ಲಿ ಅವಳು ಬಾಯಿಗೆ ಸೆರಗು ಹಿಡಿದು ಆಕಳಿಸಿದಳು. ಇಬ್ಬರೂ ನಕ್ಕರು. ಆದರೆ ಅವನ ಎದೆಗೆ ಅದು ನಾಟಿತು.

ಮರುದಿನ ರವಿವಾರದ ಸಂತೆ. ತರಕಾರಿಗೆಂದು ಹೋದವನು ಕುರಿ ಸಂತೆಯ ಗದ್ದಲ ಕೇಳಿ ಆ ಕಡೆ ನಡೆದ. ನಡುವೆ ಅಮೋಘಸಿದ್ಧ! ವ್ಯಾಪಾರಿಯ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಬೆರಳಿನಲ್ಲೇ ದರ ಹೇಳುತ್ತಿದ್ದಾನೆ. ಕಣ್ಣು ನಿಗಿನಿಗಿ. ಒಂದು ಟಗರಿಗಾಗಿ ಮೂರು ಸಲ ಎದ್ದು ಹೋದಂತೆ ಮಾಡಿದ, ಮೂರು ಸಲವೂ ವ್ಯಾಪಾರಿಯೇ ಓಡಿ ಬಂದು ಕರೆದ. ಅಮೀನುದ್ದೀನ ತರಕಾರಿ ಮರೆತು ಅಲ್ಲೇ ನಿಂತುಬಿಟ್ಟ. ಇವನಿಗೆ ತಲೆ ಇಲ್ಲವೆಂದು ಹೇಳಿದವರು ಯಾರು?

ಖಾಲಿ ಚೀಲ ಹಿಡಿದು ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದ. ಹಳೆಯ ರಟ್ಟುಗಳನ್ನು ಕತ್ತರಿಸಿ ನೂರು ಚೀಟಿ ಮಾಡಿದ. ಒಂದು ಚೀಟಿ ಎಂದರೆ ಹತ್ತು ಚೀಲ ಶೇಂಗಾ.

ಸೋಮವಾರ ಖೋಲಿಯ ಬೆಂಚುಗಳೆಲ್ಲ ಗೋಡೆಗೆ ಸರಿದಿದ್ದವು. "ಇವತ್ತ ಪಾಠ ಇಲ್ಲ. ಇದು ಬಜಾರ," ಎಂದ ಅಮೀನುದ್ದೀನ. "ಅಮೋಘಸಿದ್ಧ, ಊರಿಗೆ ಹೋಗೂದಿದ್ರ ನಾಳಿ ಹೋಗು. ಇವತ್ತೊಂದಿನ ಆಡು." ನಾಲ್ಕು ಗುಂಪು ನಾಲ್ಕು ಊರುಗಳಾದವು, ಚೀಟಿಗಳೆಲ್ಲ ಅವರಿಗೆ ಹಂಚಿಹೋದವು. ಉಳಿದವರು ವ್ಯಾಪಾರಿಗಳು, ಅವರ ಮುಂದಾಳು ಅಗರಖೇಡದ ಗುರಣ್ಣ. ಮಾಸ್ತರ ಸ್ಟೂಲು ಹತ್ತಿ ಸುದ್ದಿ ಕೂಗಿದ: "ಸಿಂದಗಿ ಕಡೆ ಮಳಿ ಚಲೋ ಬಿದ್ದೈತಿ! ಶೇಂಗಾ ರಗಡ ಬರ್ತೈತಿ!"

ಊರುಗಳು ಗಾಬರಿಯಾದವು. ದರ ಬೀಳುವ ಮೊದಲು ಮಾರಿಬಿಡೋಣ ಎಂದು ಒಬ್ಬರ ಮೇಲೊಬ್ಬರು ಬಿದ್ದು ಚೀಟಿ ಕೊಟ್ಟರು. ಗುರಣ್ಣ ಒಂದೂರಿಗೆ ಇನ್ನೊಂದೂರಿನ ದರ ಹೇಳಿ ಹೇಳಿ ಇಳಿಸಿದ. ಗಂಟೆ ಹೊಡೆದಾಗ ಎಲ್ಲ ಚೀಟಿಗಳೂ ಅವನ ಮಡಿಲಲ್ಲಿದ್ದವು. ಯಾರೂ ತೂಕಡಿಸಿರಲಿಲ್ಲ. ಅಮೋಘಸಿದ್ಧ ಊರಿಗೆ ಹೋಗುವ ಮಾತೇ ಎತ್ತದೆ, "ನಾಳಿ ಮತ್ತ ಆಡೂದ ಐತೇನ್ರಿ?" ಎಂದ.

ಮರುದಿನ ಮಾಸ್ತರನಿಗಿಂತ ಮೊದಲೇ ಇಪ್ಪತ್ತೂ ಮಂದಿ ಹಾಜರು. ಆಟ ಶುರುವಾದೊಡನೆ ಅಮೋಘಸಿದ್ಧ ಮಾರಲು ಹೋಗಲಿಲ್ಲ. ಒಂದೊಂದು ಊರಿನ ಬೆಂಚಿಗೂ ಹೋಗಿ ಕಿವಿಯಲ್ಲಿ ಏನೋ ಹೇಳಿದ. ನಾಲ್ಕೂ ಊರಿನ ಚೀಟಿಗಳು ಅವನ ಕಂಬಳಿಗೆ ಬಂದು ಬಿದ್ದವು. ಕಂಬಳಿಗೆ ಗಂಟು ಹಾಕಿ ಅದರ ಮೇಲೆ ಕೂತ.

"ಅವರನ್ಯಾಕ ಕೇಳ್ತಿ, ಗುರಣ್ಣ? ಅವರ ಕಡೆ ಏನೂ ಇಲ್ಲ. ನಾಕೂ ಊರಿನ ಮಾಲು ಇಲ್ಲೈತಿ. ದರಾ ನಾ ಹೇಳ್ತೇನಿ."

"ಮಾಸ್ತರ! ಇದು ಆಟದಾಗ ಇಲ್ಲ!" ಎಂದು ಗುರಣ್ಣ ಚೀರಿದ.

ನಿಜ, ಇರಲಿಲ್ಲ. ಅಮೀನುದ್ದೀನನಿಗೂ ಹೊಳೆದಿರಲಿಲ್ಲ. ಮೂರು ವಾರ ಹಲಗೆಯ ಮೇಲೆ ಬರೆದು ಬರೆದು ಯಾರ ತಲೆಗೂ ಹೋಗದ ಸಹಕಾರ ಈಗ ಕಂಬಳಿಯ ಗಂಟಾಗಿ ಕಣ್ಣ ಮುಂದೆ ಕೂತಿತ್ತು. ಅವನು ಸ್ಟೂಲು ಹತ್ತಿ ಸುದ್ದಿ ಕೂಗಿದ: "ಕೊಲ್ಹಾರದಾಗ ಹೊಳಿ ಏರೇತಿ! ದೋಣಿ ನಿಂತಾವ! ಆಚಿ ದಂಡಿ ಮಾಲು ಬರೂದಿಲ್ಲ!"

ಖೋಲಿ ಸಿಡಿಯಿತು. ವ್ಯಾಪಾರಿಗಳು ಕಂಬಳಿಯ ಸುತ್ತ ಮುಗಿಬಿದ್ದರು, ಊರಿನವರು ಬೆಂಚು ಹತ್ತಿ ಕುಣಿದರು. ಅದೇ ಹೊತ್ತಿಗೆ ಬಾಗಿಲಲ್ಲಿ ಟೊಪ್ಪಿಗೆ ಕಂಕುಳಲ್ಲಿಟ್ಟುಕೊಂಡು ವಿಜಾಪುರದಿಂದ ತಪಾಸಣೆಗೆ ಬಂದ ಸಾಹೇಬರು ನಿಂತಿದ್ದರು.

"ಏನಿದು, ಮಾಸ್ತರ?"

ಅಮೀನುದ್ದೀನ ಗಡಬಡಿಸಿ ಸ್ಟೂಲಿನಿಂದ ಇಳಿದ. ಆದರೆ ಅಮೋಘಸಿದ್ಧನಿಗೆ ಸಾಹೇಬರ ಪರಿಚಯವಿರಲಿಲ್ಲ. "ಬರ್ರಿ, ಬರ್ರಿ! ನೀವೂ ವ್ಯಾಪಾರಿ ಏನ್ರಿ? ಎಷ್ಟಕ್ಕ ಬೇಡ್ತೀರಿ?" ಎಂದು ಟವೆಲ್ಲು ಚಾಚಿಯೇಬಿಟ್ಟ. ಸಾಹೇಬರು ಒಂದು ಕ್ಷಣ ತಡೆದು ಟವೆಲ್ಲಿನ ಕೆಳಗೆ ಕೈ ಹಾಕಿದರು. ಬೆರಳು ಹಿಡಿದರು, ಬಿಟ್ಟರು, ಹಿಡಿದರು. ಕೊನೆಗೆ ಗುರಣ್ಣನಿಗಿಂತ ಹೆಚ್ಚು ಕೊಟ್ಟು ಕಂಬಳಿಗಂಟು ಕೊಂಡರು! ಬೆವರು ಒರೆಸಿಕೊಂಡು ಗಟ್ಟಿಯಾಗಿ ನಕ್ಕರು. ಆಮೇಲೆ ಗಂಟಿನ ಮೇಲೆ ಕೂತೇ ಎಲ್ಲರನ್ನೂ ಪ್ರಶ್ನೆ ಕೇಳಿದರು. ಸಂಘ ಯಾಕೆ ಬೇಕೆಂದು ಇಪ್ಪತ್ತು ಮಂದಿಯೂ ಒಟ್ಟಿಗೇ ಉತ್ತರ ಹೇಳಹೊರಟರು.

ಆ ಸುಗ್ಗಿಯಲ್ಲಿ ಲಚ್ಯಾಣ, ಅಗರಖೇಡದ ಸಂಘಗಳು ತಮ್ಮ ಶೇಂಗಾವನ್ನು ಒಂದೇ ಸಾಲಿನ ಬಂಡಿಗಳಲ್ಲಿ ಬಜಾರಿಗೆ ತಂದವು. ಮುಂದಿನ ಬಂಡಿಯಲ್ಲಿ ಅಮೋಘಸಿದ್ಧ, ಹಿಂದಿನದರಲ್ಲಿ ಗುರಣ್ಣ.

ಸಾಹೇಬರು ಅಮೀನುದ್ದೀನನನ್ನು ಸಿಂದಗಿ, ಮುದ್ದೇಬಿಹಾಳದ ತರಬೇತಿಗಳಿಗೂ ಕಳಿಸಿದರು. ಮುದ್ದೇಬಿಹಾಳದಲ್ಲಿ ಆಟ ಕೆಟ್ಟಿತು. 'ಹೀಗೆ ಮಾಡಿ, ಎಲ್ಲ ಒಂದುಗೂಡಿ' ಎಂದು ಅವನೇ ಮೊದಲು ಹೇಳಿಕೊಟ್ಟಿದ್ದರಿಂದ ಮತ್ತೆ ಆಕಳಿಕೆ. ಮರುದಿನದಿಂದ ಬಾಯಿ ಬಿಗಿಹಿಡಿದು ಬರೀ ಸುದ್ದಿ ಕೂಗಿದ. ನಾಲ್ಕನೆಯ ದಿನ ಬಂಡಿ ಹೊಡೆಯುವ ದಾವಲಮಲಿಕ ತಾನಾಗಿ ಎದ್ದು, "ಎಲ್ಲಾರೂ ಕೂಡಿ ಮಾರೂನು," ಎಂದ.

ಎರಡು ವರ್ಷದ ಮೇಲೆ ಬಸವನ ಬಾಗೇವಾಡಿಯಲ್ಲಿ ಬಸ್ಸಿನಿಂದಿಳಿದಾಗ, ಅಲ್ಲಿಯ ತರಬೇತಿಯವರು ಸ್ಟ್ಯಾಂಡಿಗೇ ಬಂದು ಅವನ ಟ್ರಂಕು ಕಸಿದುಕೊಂಡರು.

"ಮಾಸ್ತರ, ಬೆಂಚು ಆಗಲೇ ಸರಿಸೇವ್ರಿ. ಲಗೂ ನಡೀರಿ!"