ನೀರಿಗೆ ಬಿಟ್ಟ ತಿಥಿ ಪುಸ್ತಕಗಳು

ತೊಂಬತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಪತ್ರಿಕೆ, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಇವೇ ನನಗೆ ಅನ್ನ ಹಾಕುತ್ತಿದ್ದವು. ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇಟ್ಟವನು ನಾನೊಬ್ಬನೇ ಎಂಬ ಕೊಬ್ಬು ಮೈತುಂಬ ಇತ್ತು. ನೆನೆದರೆ ನಾಚಿಕೆಯಾಗುತ್ತದೆ. ಆದರೆ ನಾನು ನಿಜವಾಗಿ ನಾಚಬೇಕಾದ ಸಂಗತಿ ಬೇರೆಯೇ ಇದೆ.

ಅದೇ ಬೀದಿಯಲ್ಲಿ ವಯಸ್ಸಾದ ಪುರೋಹಿತರೊಬ್ಬರಿದ್ದರು. ಸುತ್ತಲ ಹಳ್ಳಿಗಳ ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಅವರ ತಿಥಿ ಯಾವ ಮಾಸ, ಯಾವ ಪಕ್ಷ, ಯಾವ ದಿನ, ಎಲ್ಲವೂ ಅವರ ಬಳಿ ಬರೆದಿತ್ತು. ಅವರ ತಂದೆಯ ಕಾಲದಿಂದ ಬಂದ ಏಳು ದಪ್ಪ ಪುಸ್ತಕಗಳು. ಹೊಲದ ಜನ ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಂದು ಕೇಳುತ್ತಿದ್ದರು, ಇವರು ಪುಸ್ತಕ ತೆಗೆದು ಹೇಳುತ್ತಿದ್ದರು. ಪುಸ್ತಕಗಳಿಗೆ ಗೆದ್ದಲು ಹತ್ತಿದ್ದು ನೋಡಿ ನಾನೇ ಹೋಗಿ, "ಕಂಪ್ಯೂಟರಿಗೆ ಹಾಕಿಬಿಡೋಣ ಸ್ವಾಮಿ, ಸೇವೆ ಅಂತ ಮಾಡ್ಕೊಡ್ತೀನಿ" ಅಂದೆ.

ನಾನು ಬಳಸುತ್ತಿದ್ದುದು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಕನ್ನಡ ತಂತ್ರಾಂಶ. ಅದಕ್ಕೆ ಹೆಬ್ಬೆರಳ ಗಾತ್ರದ, ಪ್ಲಗ್ಗಿನಂಥ ಒಂದು ಬೀಗ. ಆ ಬೀಗವನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚದಿದ್ದರೆ ಒಂದು ಫೈಲೂ ತೆರೆಯುತ್ತಿರಲಿಲ್ಲ. ಕೋಲಾರದಿಂದ ಪ್ರಶ್ನೆಪತ್ರಿಕೆ ಮಾಡಿಸಲು ಬರುತ್ತಿದ್ದ ಉಪನ್ಯಾಸಕರೊಬ್ಬರು ಅದನ್ನು ನೋಡಿ ತಲೆ ಅಲ್ಲಾಡಿಸಿದರು.

"ಲೇ, ನಾಳೆ ಆ ಕಂಪನಿ ಮುಚ್ಚಿದ್ರೆ ಏನ್ಮಾಡ್ತೀಯ? ಇದರೊಳಗೆ ಏನಿದೆ ಅಂತ ಅವರಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ ಕಣೋ. ಕೋಡ್ ಎಲ್ಲರಿಗೂ ತೆರೆದಿರೋ ಸಾಫ್ಟ್‌ವೇರ್ ಬಂದಿದೆ. ಮಾಡಿದೋನು ಬಿಟ್ಟು ಹೋದ್ರೂ ಇನ್ನೊಬ್ಬ ರಿಪೇರಿ ಮಾಡ್ತಾನೆ. ಅದರಲ್ಲಿ ಕನ್ನಡ ಇನ್ನೂ ಸರಿಯಾಗಿ ಬರಲ್ಲ ನಿಜ. ಇಂಗ್ಲಿಷ್ ಅಕ್ಷರದಲ್ಲಾದ್ರೂ ಒಂದು ಪ್ರತಿ ಹೊಡೆದಿಡು."

ನಾನು ನಕ್ಕುಬಿಟ್ಟೆ. "ಪುಕ್ಕಟೆ ಸಿಗೋದಕ್ಕೆ ಜವಾಬ್ದಾರಿ ಯಾರು ಸಾರ್?" ಎಂದು ಕೇಳಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಟೈಪಿಂಗ್ ಮುಗಿಯಲು ಮೂರು ತಿಂಗಳು ಹಿಡಿಯಿತು. ಪುರೋಹಿತರು ದಿನಾ ಬೆಳಿಗ್ಗೆ ಬಂದು ಹಳೆಯ ಪುಸ್ತಕ ಓದುವರು, ನಾನು ಪರದೆಯಲ್ಲಿ ತಾಳೆ ನೋಡುವೆ. ಒಂದು ಸಾಲೂ ತಪ್ಪದಂತೆ ನೋಡಿಕೊಂಡರು. ಪ್ರತಿ ಮಾಡಿ ತಾಳೆ ನೋಡಿದ ಮೇಲೆ ಜೀರ್ಣವಾದ ಮೂಲವನ್ನು ನೀರಿಗೆ ಬಿಡುವುದು ಅವರ ಮನೆತನದ ಪದ್ಧತಿ. ಅವರ ತಂದೆಯೂ ತಾಳೆಗರಿಗಳನ್ನು ಹಾಗೇ ಬಿಟ್ಟಿದ್ದರಂತೆ. ಬಿಡುವ ಮುಂಚೆ ಅವರು, "ಕಾಗದದ ಮೇಲೊಂದು ಪ್ರತಿ ತೆಗೆದುಕೊಡ್ತೀಯೇನಪ್ಪ?" ಎಂದು ಕೇಳಿದರು.

"ಮತ್ತೆ ಗೆದ್ದಲಿಗೆ ಊಟ ಹಾಕ್ತೀರಾ ಸ್ವಾಮಿ? ಇದರೊಳಗೆ ನೂರು ವರ್ಷ ಇರುತ್ತೆ" ಅಂದೆ. ಅವರು ನಂಬಿದರು. ಏಳು ಪುಸ್ತಕಗಳನ್ನೂ ಕೆರೆಗೆ ಹೊತ್ತು ನಡೆದವನು ನಾನೇ.

ಆಮೇಲೆ ತಿಥಿ ಕೇಳಲು ಜನ ನನ್ನ ಅಂಗಡಿಗೇ ಬರತೊಡಗಿದರು. ಊರು, ಮನೆ, ಹೆಸರು ಹೊಡೆದರೆ ಕ್ಷಣದಲ್ಲಿ ಉತ್ತರ. ಅವರು ಬಾಯಿಬಿಟ್ಟು ನೋಡುತ್ತಿದ್ದರೆ ನಾನು ಕುರ್ಚಿಯಲ್ಲಿ ಉಬ್ಬುತ್ತಿದ್ದೆ. ಕೆಲವು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಗುಡುಗು ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಯಿತು, ಜೊತೆಗೆ ಬೀಗವೂ. ಫೈಲುಗಳ ಸಿಡಿ ಇತ್ತು, ಹೊಸ ಕಂಪ್ಯೂಟರೂ ಬಂತು. ಬೀಗ ಮಾತ್ರ ಬರಲಿಲ್ಲ. ಕಂಪನಿಯ ಫೋನು ಯಾರೂ ಎತ್ತಲಿಲ್ಲವೆಂದು ಬೆಂಗಳೂರಿಗೇ ಹೋದೆ. ಕಂಪನಿಯಿದ್ದ ಮಹಡಿಯಲ್ಲಿ ಕನ್ನಡಕದ ಅಂಗಡಿ ಇತ್ತು. ಆ ತಂತ್ರಾಂಶ ಮಾಡುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು ಎಂದು ಕೆಳಗಿನ ಜೆರಾಕ್ಸ್ ಅಂಗಡಿಯವನು ಹೇಳಿದ.

ಕೊನೆಗೆ ಆ ಉಪನ್ಯಾಸಕರ ಮನೆ ಬಾಗಿಲಿಗೇ ಹೋಗಿ ನಿಂತೆ. ಅವರು ಒಂದು ಚುಚ್ಚು ಮಾತೂ ಆಡದೆ ಎರಡು ಭಾನುವಾರ ಒದ್ದಾಡಿದರು. "ಆ ಬೀಗದೊಳಗಿನ ಗುಟ್ಟು ಗೊತ್ತಿಲ್ಲದೆ ಆಗಲ್ಲಪ್ಪ" ಎಂದು ಸಿಡಿ ವಾಪಸು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಪುರೋಹಿತರಿಗೆ ಹೇಳಿದೆ. ಅವರು ನೆನಪಿದ್ದಷ್ಟನ್ನು ಹೊಸದೊಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಆದರೆ ಎಂಬತ್ತರ ಹತ್ತಿರದ ತಲೆ. ಮೂವತ್ತು ಪುಟವೂ ತುಂಬಲಿಲ್ಲ.

ಆ ಶ್ರಾವಣದಲ್ಲಿ ಹಳ್ಳಿಯ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಮಗ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ, ರಜಾ ಮೊದಲೇ ಕೇಳಬೇಕಿತ್ತು. "ನಮ್ಮೆಜಮಾನ್ರ ತಿಥಿ ಯಾವತ್ತು ಬೀಳ್ತೈತೆ ನೋಡಣ್ಣ. ರಾಗಿ ಕುಯ್ತಿದ್ವಿ ಆವಾಗ. ಅಷ್ಟೇ ನಂಗೊತ್ತು" ಅಂದಳು.

ನಿಜ ಹೇಳಲು ನಾಲಗೆ ಏಳಲಿಲ್ಲ. "ಮಿಷನ್ ಕೆಟ್ಟಿದೆಯಮ್ಮ, ಮುಂದಿನ ವಾರ ಬಾ" ಎಂದೆ. ಅವಳು ಬಂದಳು. ಅದೇ ಸುಳ್ಳು ಮತ್ತೆ ಹೇಳಿದೆ. ಮೂರನೇ ವಾರವೂ ಬಂದಳು, ಎರಡು ಬಸ್ಸು ಬದಲಿಸಿ. ಆ ಹೊತ್ತಿಗೆ ಪುರೋಹಿತರು ಅಂಗಡಿಯಲ್ಲಿ ಕೂತಿದ್ದರು. ಅವಳು ಕೇಳಿದ್ದನ್ನೂ ನಾನು ತಡವರಿಸಿದ್ದನ್ನೂ ಕಂಡರು.

"ಅವನನ್ನ ಕೇಳಬೇಡಮ್ಮ" ಅಂದರು. "ನಾನೇ ಪುಸ್ತಕ ಕಳ್ಕೊಂಡೆ. ವಯಸ್ಸಾಯ್ತು ನೋಡು, ಎಚ್ಚರ ಸಾಲಲಿಲ್ಲ. ದಿನ ಗೊತ್ತಿಲ್ಲದೋರಿಗೆ ಮಹಾಲಯ ಅಮಾವಾಸ್ಯೆ ಅಂತ ಇದೆ. ಅವತ್ತು ಮಾಡ್ಬಿಡು."

"ಗೊತ್ತಿಲ್ಲದೋರಾ?" ಎಂದು ಅವಳು ಅವರನ್ನೇ ದಿಟ್ಟಿಸಿದಳು. "ನಮ್ಮನೆಯೋರು ಗೊತ್ತಿಲ್ಲದೋರಲ್ಲ ಸ್ವಾಮಿ. ನೀವೇ ಬರ್ಕೊಂಡಿದ್ರಲ್ಲ."

ಪುರೋಹಿತರು ಅವಳಿಗೆ ಕೈಮುಗಿದರು. ನಾನು ಮೌಸಿನ ಮೇಲೆ ಕೈಯಿಟ್ಟುಕೊಂಡು, ಏನೋ ಕೆಲಸವಿದ್ದವನಂತೆ ಪರದೆ ನೋಡುತ್ತಾ ಕೂತೇ ಇದ್ದೆ.